ಮಿಸ್ಸಿಬಾಯಿ ಕಲಿಸಿದ ಮೂರನೆಯ ಶಬ್ದ

ಸವಣೂರು
೧೪ ಫೆಬ್ರುವರಿ ೧೯೪೩

ಪ್ರಿಯ ಶಿವಬಸು,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಯಾರದೆಂದು ನಿನಗೆ ತಿಳಿಯುತ್ತದೆ. ಒಡೆಯದೆ ಇಡಬೇಡ.

ನನ್ನ ತಮ್ಮ ಅಲ್ಲಾಭಕ್ಷನಿಗೆ ಮೊನ್ನೆ ಶುಕ್ರವಾರ ಎರಡು ವರ್ಷದ ಸಕ್ತಮಜೂರಿ ಶಿಕ್ಷೆಯಾಯಿತು. ಹದಿನಾಲ್ಕು ವರ್ಷದಿಂದ ಅವನು ಮೊಹರಮ್ಮಿಗೆ ತನ್ನ ಎಲೆತೋಟವನ್ನು ಹೆಂಡತಿ ಇಮಾಮಬಿಯ ಕೈಗೆ ಒಪ್ಪಿಸಿ, ನಿಮ್ಮ ತಿಳವಳ್ಳಿಗೆ ಕರ್ಬಲಾದಲ್ಲಿ ಮಡಿದವರ ಶೋಕದ ರಿವಾಯತ ಪದ ಹಾಡಲು ಬರುತ್ತಿದ್ದ. ಈ ಸಲವೂ ಬಂದ, ಹಾಡಿದ. ಅದೇ ಮಧ್ಯಾಹ್ನ ಯಾರೋ ಚಾವಡಿಗೆ ನುಗ್ಗಿ ಸರಕಾರದ ದಫ್ತರ ಸುಟ್ಟರು. ಸುಟ್ಟವರು ಓಡಿಹೋದರು. ಹಾಡಿದವನು ಸಿಕ್ಕ.

ವಕೀಲರು ತೀರ್ಪಿನ ನಕಲು ತರಿಸಿ ನನಗೆ ತೋರಿಸಿದರು. ಸಾಕ್ಷಿಗಳು ಆರು ಜನ. ಐದು ಮಂದಿ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: ಹಾಡಿದ, ಜನ ಅತ್ತರು. ಆರನೆಯ ಸಾಕ್ಷಿ ನೀನು. ನೀನು ಇಂಗ್ಲಿಷಿನಲ್ಲಿ ಹೇಳಿದ್ದೀ: ‘ಹೀ ಇನ್ಸೈಟೆಡ್ ದ ಪೀಪಲ್.’ ಜನರನ್ನು ಎತ್ತಿಕಟ್ಟಿದ ಎನ್ನುವ ಆ ಸಾಲಿನ ಕೆಳಗೆ ಮ್ಯಾಜಿಸ್ಟ್ರೇಟರು ಗೆರೆ ಎಳೆದಿದ್ದಾರೆ. ಈ ಸಾಕ್ಷಿದಾರಳು ಮರ್ಯಾದಸ್ಥ ಮನೆತನದವಳು, ಕಲಿತವಳು, ಆದ್ದರಿಂದ ಈಕೆಯ ಮಾತಿಗೆ ಉಳಿದ ಐವರ ಮಾತಿಗಿಂತ ತೂಕ ಹೆಚ್ಚು ಎಂದು ಬರೆದಿದ್ದಾರೆ.

ಮೇಲಿನ ಕೋರ್ಟಿಗೆ ಹೋಗಲು ಒಂದು ತಿಂಗಳಿದೆ. ನೀನು ಒಂದು ಕಾಗದ ಬರೆದುಕೊಟ್ಟರೆ ಸಾಕು ಎನ್ನುತ್ತಾರೆ ವಕೀಲರು. ಶಾಲೆ ಬಿಟ್ಟು ಬಹಳ ದಿನವಾಯಿತು, ಆ ಶಬ್ದದ ಅರ್ಥ ನನಗೆ ಸರಿಯಾಗಿ ನೆನಪಿರಲಿಲ್ಲ ಎಂದಷ್ಟೇ. ಅದರಲ್ಲಿ ಅವಮಾನವೇನೂ ಇಲ್ಲ, ಶಿವಬಸು. ಯಾರಿಗಾದರೂ ಆಗುವ ತಪ್ಪು.

ಜೇಲಿನಲ್ಲಿ ಅವನನ್ನು ಕಲ್ಲು ಒಡೆಯಲು ಹಾಕಿದ್ದಾರಂತೆ. ಅವನ ಕೈ ನೀನು ನೋಡಿದ್ದೀ. ವೀಳ್ಯದೆಲೆಯನ್ನು ಒಂದು ಕಲೆ ಬೀಳದಂತೆ ಕೊಯ್ಯುವ ಕೈ.

ನಿನ್ನ
ಮುನವ್ವರಾ


ತಿಳವಳ್ಳಿ
೨೨ ಫೆಬ್ರುವರಿ ೧೯೪೩

ಮುನವ್ವರಾ,

ಪತ್ರ ಮುಟ್ಟಿತು. ಒಡೆದೇ ಓದಿದೆ. ಬಂದ ಪತ್ರವನ್ನು ಒಡೆಯದೆ ಇಡುವ ಚಾಳಿ ಈ ಮನೆಯಲ್ಲಿಲ್ಲ.

ನಿನ್ನ ವಕೀಲರಿಗೆ ಹೇಳು: ನನ್ನ ಇಂಗ್ಲಿಷ್ ಮರೆತಿಲ್ಲ. ಯಜಮಾನರು ಹೋದ ಮೇಲೆ ಈ ಮನೆಗೆ ಬರುವ ಸರಕಾರಿ ಕಾಗದಗಳನ್ನೆಲ್ಲ ನಾನೇ ಓದುತ್ತೇನೆ. ನಮ್ಮ ಮೈದುನ ಮಂಜಪ್ಪ ಊರಿನ ಪೊಲೀಸ ಪಾಟೀಲನಾಗಿದ್ದರೂ ಮೇಲಿನಿಂದ ಹುಕುಮು ಬಂದರೆ ಮೊದಲು ತರುವುದು ನನ್ನ ಹತ್ತಿರ.

ಆ ದಿನ ನಡೆದದ್ದನ್ನು ನೀನು ಬೇರೆಯವರ ಬಾಯಿಂದ ಕೇಳುವುದು ಬೇಡ. ಮ್ಯಾಜಿಸ್ಟ್ರೇಟ ಸಾಹೇಬರು ಕೆರೆಯ ಹಿಂದಿನ ಮಾವಿನ ತೋಪಿನಲ್ಲಿ ಡೇರೆ ಹಾಕಿದ್ದರು. ಉಳಿದ ಐದು ಜನ ನಿಂತು ಸಾಕ್ಷಿ ಹೇಳಿದರು. ನನಗೆ ಕುರ್ಚಿ ಹಾಕಿಸಿದರು. ಕಾರಕೂನ ಮುಂದೆ ಬಂದು, “ನೀವು ಕನ್ನಡದಾಗ ಹೇಳ್ರಿ ಅವ್ವಾರ, ನಾ ಸಾಹೇಬರಿಗೆ ತಿಳಿಸೇನಿ” ಎಂದ.

“ನನ್ನ ಮಾತಿಗೆ ನಡುವ ನಿಮ್ಮ ಬಾಯಿ ಯಾಕ್ರಿ?” ಎಂದೆ.

ಮಂಜಪ್ಪ ನನ್ನ ಹಿಂದೆ ನಿಂತು ಸೆರಗಿಗೆ ಹೇಳುವವನ ಹಾಗೆ, “ವೈನಿ, ಸುಮ್ಮನ ಕನ್ನಡದಾಗ ಹೇಳ್ರಿ. ಅವರ ಹಾಳಿ, ಅವರ ಮಸಿ, ಅವರ ಬರಕೊಳ್ಳಲಿ” ಎಂದ. ನಾನು ತಿರುಗಿ ನೋಡಲಿಲ್ಲ. ಸಾಹೇಬರು ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಒಳ್ಳೆಯ ಇಂಗ್ಲಿಷ್ ಎಂದರು.

ಈಗ ಅದೇ ಸಾಹೇಬರ ಮುಂದೆ ಹೋಗಿ, ನನಗೆ ಬಾರದ ಭಾಷೆಯನ್ನು ಬರುತ್ತದೆಂದು ಮೆರೆದೆ ಎಂದು ಬರೆದುಕೊಡು ಎನ್ನುತ್ತೀಯಾ? ಅದು ನನ್ನಿಂದಾಗುವುದಿಲ್ಲ. ಜನ ಕೆರಳಿದ್ದರು. ಬೆಂಕಿ ಬಿದ್ದದ್ದು ಸುಳ್ಳಲ್ಲ.

ಶಿವಬಸವ್ವ


ಸವಣೂರು
೧ ಮಾರ್ಚ್ ೧೯೪೩

ಶಿವಬಸು,

ನಿನ್ನ ಇಂಗ್ಲಿಷ್ ಮರೆತಿಲ್ಲ ಎಂದು ಬರೆದೆ. ಮರೆತಿದೆ ಎಂಬುದೊಂದೇ ನನಗೆ ಉಳಿದಿದ್ದ ಆಸೆ.

ಧಾರವಾಡದ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬಾಕಿನ ಮೇಲೆ ಕೂತವರು. ಐದನೆಯ ಇಯತ್ತೆಯಲ್ಲಿ ನಮ್ಮ ಮಿಸ್ಸಿಬಾಯಿ ಹಲಗೆಯ ಮೇಲೆ ಮೂರು ಕ್ರಿಯಾಪದ ಬರೆದಿದ್ದರು. ಮೂವ್, ಎಕ್ಸೈಟ್, ಇನ್ಸೈಟ್. ಮೂರೂ ಮನಸ್ಸನ್ನು ಕಲಕುವ ಶಬ್ದಗಳೇ, ಆದರೆ ಒಂದರ ಮನೆಯಲ್ಲಿ ಇನ್ನೊಂದನ್ನು ಕೂರಿಸಬಾರದು ಎಂದಿದ್ದರು. ಕರಗಿಸುವುದು ಮೂವ್. ಮೈ ಝುಮ್ಮೆನಿಸಿ ಕುಣಿಸುವುದು ಎಕ್ಸೈಟ್. ಒಬ್ಬ ಮನುಷ್ಯ ಬೇಕೆಂದೇ ಇನ್ನೊಬ್ಬನನ್ನು ಕೇಡಿಗೆ ಎತ್ತಿಕಟ್ಟುವುದು ಇನ್ಸೈಟ್. ನೀನೇ ಎದ್ದು ನಿಂತು ನಮ್ಮ ಕಡೆಯ ಮಾತಿನಲ್ಲಿ ಹೇಳಿದ್ದೆ: “ಹಾಡು ಮೂವ್ ಮಾಡತದ, ಡೊಳ್ಳು ಎಕ್ಸೈಟ್ ಮಾಡತದ, ಚಾಡಿಕೋರ ಇನ್ಸೈಟ್ ಮಾಡತಾನ.” ವರ್ಗವೆಲ್ಲ ನಕ್ಕಿತು. ಮಿಸ್ಸಿಬಾಯಿಯೂ ನಕ್ಕರು. ಆ ಪರೀಕ್ಷೆಯಲ್ಲಿ ನೀನೇ ಮೊದಲನೆಯವಳು.

ಈಗ ನಾನೂ ಇಲ್ಲಿಯ ಹುಡುಗಿಯರಿಗೆ ನಿನ್ನ ಆ ಮಾತನ್ನೇ ಕಲಿಸುತ್ತೇನೆ. ಇನ್ಸೈಟ್ ಎಂದ ಮೇಲೆ ಅದರ ಹಿಂದೆ ಒಂದು ಕೃತ್ಯ ಬರಬೇಕು, ಕದಿಯಲು, ಹೊಡೆಯಲು, ಸುಡಲು. ಅಳಲು ಯಾರೂ ಯಾರನ್ನೂ ಇನ್ಸೈಟ್ ಮಾಡುವುದಿಲ್ಲ.

ಚಾವಡಿಗೆ ಬೆಂಕಿ ಬಿದ್ದಾಗ ಅಲ್ಲಾಭಕ್ಷ ಎಲ್ಲಿದ್ದ? ದೇವರನ್ನು ಹೊಳೆಗೆ ಕಳಿಸುವ ಜನದ ಜೊತೆ, ಕೈಯಾಕಾರದ ಪಂಜಾ ಹಿಡಿದು ಮೊಣಕಾಲ ನೀರಿನಲ್ಲಿ ನಿಂತಿದ್ದ. ನಿಮ್ಮ ಮನೆಯ ಜಗಲಿಯಿಂದ ಹೊಳೆ ಕಾಣುತ್ತದೆ. ನೀನು ನೋಡಿದ್ದೀ.

ನಿನ್ನ ಮಗ ಉಳವಪ್ಪ ತೀರಿಕೊಂಡಾಗ ನಾನು ಬಂದಿದ್ದೆ. ನಾನು ಅತ್ತಾಗ ನೀನು, “ಅಳೋದಿದ್ರ ಹೊರಗ ಹೋಗಿ ಅಳು ಮುನ್ನಿ, ನನ್ನ ಮನ್ಯಾಗ ಬ್ಯಾಡ” ಎಂದೆ. ನಾನು ಹೊರಗೆ ಹೋದವಳು ಹಾಗೆಯೇ ಊರು ಬಿಟ್ಟೆ. ಅಂದು ನೊಂದುಕೊಂಡದ್ದಕ್ಕೆ ಈಗ ಕ್ಷಮೆ ಕೇಳುತ್ತೇನೆ. ಅದರ ಸಿಟ್ಟು ಇದ್ದರೆ ನನ್ನ ಮೇಲಿರಲಿ.

ಹದಿಮೂರನೆಯ ತಾರೀಖಿನೊಳಗೆ ನಿನ್ನ ಕಾಗದ ಬರಬೇಕು.

ಮುನವ್ವರಾ


ತಿಳವಳ್ಳಿ
೯ ಮಾರ್ಚ್ ೧೯೪೩

ಮುನವ್ವರಾ,

ಈ ವಿಷಯದಲ್ಲಿ ಇನ್ನು ಬರೆಯಬೇಡ.

ಮೋಟಾರಿನವನ ಕೈಯಲ್ಲಿ ಒಂದು ಗಂಟು ಅಕ್ಕಿ ಕಳಿಸಿದ್ದೇನೆ. ಹೊಸ ಭತ್ತದ್ದು. ಇಮಾಮಬಿಗೆ ಕೊಡು. ಯಾರು ಕೊಟ್ಟರೆಂದು ಹೇಳಬೇಕಾಗಿಲ್ಲ.

ಶಿವಬಸವ್ವ


ಸವಣೂರು
೩೦ ಏಪ್ರಿಲ್ ೧೯೪೩

ಶಿವಬಸು,

ಅಕ್ಕಿ ಅದೇ ಮೋಟಾರಿನಲ್ಲಿ ತಿರುಗಿ ಬಂದದ್ದನ್ನು ನೋಡಿರುತ್ತೀ. ಯಾರು ಕೊಟ್ಟರೆಂದು ನಾನು ಹೇಳಲಿಲ್ಲ. ಇಮಾಮಬಿ ಮೂಸಿ ನೋಡಿ, “ಇದು ತಿಳವಳ್ಳಿ ಅಕ್ಕಿ ಐತಿ ಅಕ್ಕಾ” ಎಂದಳು. ತಾನೇ ಗಂಟು ಕಟ್ಟಿದಳು.

ಅಪೀಲು ತಳ್ಳಿಹಾಕಿದರು. ಅಲ್ಲಿಯೂ ಓದಿದ್ದು ನಿನ್ನ ಆ ಒಂದೇ ಸಾಲು.

ಇನ್ನು ನಿನ್ನಿಂದ ಬೇಡುವುದಕ್ಕೆ ಏನೂ ಇಲ್ಲ. ಆದರೂ ಬರೆಯುತ್ತಿರುವುದು, ಅಲ್ಲಾಭಕ್ಷ ಜೇಲಿನಿಂದ ಬರೆಸಿದ ಪತ್ರದಲ್ಲಿ ನಿನಗೊಂದು ಮಾತಿದೆ ಎಂಬುದಕ್ಕೆ. ಆಡಿದಂತೆಯೇ ಬರೆಸಿದ್ದಾನೆ, ಹಾಗೆಯೇ ನಕಲು ಮಾಡಿದ್ದೇನೆ.

“ಅಕ್ಕಾ, ಗೌಡತಿ ಅವ್ವಾರ ಮ್ಯಾಲ ನೀ ಸಿಟ್ಟ ಆಗಬ್ಯಾಡ. ಹಾಡಿನ ಹೊತ್ತಿನಾಗ ಅವರು ತಂಬಿಗಿ ಹಿಡಕೊಂಡು ಜಗಲಿ ಮ್ಯಾಲ ಅಳಾಕತ್ತಿದ್ರು. ಮಗ ಹೋದಾಗ ಸೈತ ಅಳಲಿಲ್ಲ ಅಂತ ಊರಾಗ ಅಂತಿದ್ರು. ನನಗ ಕರುಳು ಚುರಕ್ ಅಂತು. ಅದಕ್ಕ ಪದದಾಗ ಇಲ್ಲದ ಒಂದು ನುಡಿ ಅಲ್ಲೇ ಕಟ್ಟಿ ಹಾಡಿದೆ, ಅವರಿಗೆ ಸಮಾಧಾನ ಆಗಲಿ ಅಂತ. ಆತೋ ಇಲ್ಲೋ ಕೇಳಿ ಬರಿ.”

ಕೇಳಿದ್ದೇನೆ. ಆಯಿತೋ ಇಲ್ಲವೋ ನೀನೇ ಹೇಳು.

ಮುನವ್ವರಾ


ತಿಳವಳ್ಳಿ
೧೧ ಜೂನ್ ೧೯೪೩

ಮುನ್ನಿ,

ಆರು ವಾರ ಈ ಪತ್ರ ಬರೆದು ಹರಿದೆ. ಈಗ ಹರಿಯುವುದಿಲ್ಲ.

ಉಳವಪ್ಪನಿಗೆ ಆಗ ಹದಿಮೂರು ವರ್ಷ. ಇಪ್ಪತ್ತೊಂದು ದಿನದ ಜ್ವರ ಅಂದರು. ವೈದ್ಯರು ಹೊಸ್ತಿಲಲ್ಲಿ ನಿಂತು, “ಏನರ ಕೊಡ್ರಿ, ನೀರ ಮಾತ್ರ ಕೊಡಬ್ಯಾಡ್ರಿ. ಸನ್ನಿ ಏರತೇತಿ” ಎಂದು ಹೇಳಿ ಹೋದರು. ಅವರು ಹೇಳಿದ್ದನ್ನು ನಾನು ನಡೆಸಿದೆ. ನಾನು ಹೇಳಿದ ಮಾತನ್ನು, ಹಿಡಿದ ಕೆಲಸವನ್ನು ನಡೆಸುವವಳು ಎಂದು ಊರಲ್ಲಿ ಹೆಸರಾದವಳು. ಮನೆಗೆಲಸದ ಭರಮವ್ವ ಒದ್ದೆ ಬಟ್ಟೆಯನ್ನು ಅವನ ತುಟಿಗೆ ಒತ್ತಲು ಹೋದಾಗ ಕಸಿದು ಒಲೆಗೆ ಹಾಕಿದೆ. ತುಂಬಿದ ತಂಬಿಗೆಯನ್ನು ಗೋಡೆ ಕೊರೆದ ಮಾಡದಲ್ಲಿ ಎತ್ತರಕ್ಕೆ ಇಟ್ಟೆ. ಅದೇ ತಪ್ಪಾಯಿತು. ಅವನಿಗೆ ಮಲಗಿದಲ್ಲಿಂದ ಅದು ಕಾಣುತ್ತಿತ್ತು. “ಅವ್ವಾ, ಒಂದ ಗುಟುಕ” ಎನ್ನುತ್ತಿದ್ದ. ಮೂರು ದಿನ ಅಂದ. ಆಮೇಲೆ ಅನ್ನಲಿಲ್ಲ, ಬರೀ ಮಾಡದ ಕಡೆ ನೋಡುತ್ತಿದ್ದ. ಹತ್ತೊಂಬತ್ತನೆಯ ದಿನ ಹೋದ. ನೀರು ಕೊಡದ ಮಾತು ಊರಿಗೆಲ್ಲ ಗೊತ್ತಾಯಿತು.

ನಾನು ಅಳಲಿಲ್ಲ. ಅತ್ತರೆ, ನಾನು ಮಾಡಿದ್ದು ತಪ್ಪು ಎಂದು ನಾನೇ ಹೇಳಿದಂತಾಗುತ್ತಿತ್ತು. ನೀನು ಬಂದು ಅತ್ತಾಗ ನಿನ್ನನ್ನು ಹೊರಗೆ ಕಳಿಸಿದ್ದೂ ಅದಕ್ಕೇ.

ಮೊಹರಮ್ಮಿನಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ನೀರಿನ ಹಂಡೆ ಇಟ್ಟು, ದೇವರ ಹಿಂದೆ ಬರುವವರಿಗೆಲ್ಲ ಕೊಡುವುದು ಮಾವನವರ ಕಾಲದ ರೂಢಿ. ಒಂಬತ್ತು ವರ್ಷ ನಾನು ಹೊರಗೆ ಬರದೆ ಭರಮವ್ವನಿಂದ ಕೊಡಿಸಿದೆ. ಈ ವರ್ಷ ಅವಳು ಚಳಿಜ್ವರದಿಂದ ಮಲಗಿದ್ದಳು. ನಾನೇ ತಂಬಿಗೆ ಹಿಡಿದು ನಿಂತೆ.

ನಿನ್ನ ತಮ್ಮ ಕರ್ಬಲಾದ ನೀರಡಿಕೆಯ ಪದ ಎತ್ತಿದ. ‘ತುಂಬಿದ ಹೊಳಿ ಮುಂದ ಹರಿದೈತೋ, ನನ ಕಂದನ ನಾಲಗಿ ಒಣಗೈತೋ.’ ಒಳಗೆ ಕೂತು ಗೋಡೆಯಾಚೆಯಿಂದ ಆ ಪದವನ್ನು ಎಷ್ಟೋ ಸಲ ಕೇಳಿದ್ದೆ. ಕೈಯಲ್ಲಿ ತಂಬಿಗೆ ಹಿಡಿದು ಕೇಳಿರಲಿಲ್ಲ. ಅಲ್ಲೇ ಕೂತುಬಿಟ್ಟೆ. ತಲೆಯ ಮೇಲಿನ ಸೆರಗು ಜಾರಿತು. ಗಂಟಲಿನಿಂದ ಒಂದು ದನಿ ಬಂತು; ದನದ ದನಿಯ ಹಾಗಿತ್ತು. ನಮ್ಮ ಆಳುಗಳು, ಮಂಜಪ್ಪನ ಹೆಂಡತಿ, ಓಣಿಯ ಹುಡುಗರು ಎಲ್ಲರೂ ನೋಡಿದರು. ಆಗ ಅವನು ನನ್ನ ಕಡೆ ತಿರುಗಿ ಆ ಇಲ್ಲದ ನುಡಿ ಹಾಡಿದ. ‘ನೀರ ಕೊಡದ ಕೈಯೂ ಅತ್ತೈತೋ, ಆ ಕೈಯ ಮ್ಯಾಲ ಸಿಟ್ಟಿಲ್ಲೋ.’

ಸಮಾಧಾನಕ್ಕೆ ಹಾಡಿದ ಎಂದು ಬರೆದಿದ್ದೀ. ನನಗೆ ಹಾಗೆ ಕೇಳಿಸಲಿಲ್ಲ. ಹತ್ತು ಊರಿನ ಜನದ ಮುಂದೆ ನನ್ನ ಕೈಯನ್ನು ಎತ್ತಿ ತೋರಿಸಿದ ಹಾಗೆ ಕೇಳಿಸಿತು. ಅಂದು ಈ ಊರಿನಲ್ಲಿ ಯಾರಾದರೂ ಕೆರಳಿದ್ದರೆ ಅದು ನಾನು.

ಅವನು ಹೊಳೆಯಲ್ಲಿ ನಿಂತದ್ದನ್ನು ನೋಡಿದೆ. ಚಾವಡಿಯ ಹೊಗೆ ಎದ್ದದ್ದನ್ನೂ ನೋಡಿದೆ. ಎರಡನ್ನೂ ಒಂದೇ ಜಗಲಿಯಿಂದ.

ಡೇರೆಯಲ್ಲಿ ಸಾಹೇಬರು, ಆ ಹಾಡು ಜನಕ್ಕೆ ಏನು ಮಾಡಿತು ಎಂದು ಕೇಳಿದರು. ಮಿಸ್ಸಿಬಾಯಿಯ ಹಲಗೆ ಕಣ್ಣಮುಂದೆ ಬಂತು. ಮೂರು ಶಬ್ದಗಳೂ ಇದ್ದವು. ಮೊದಲನೆಯದು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ, ಯಾರನ್ನು ಕರಗಿಸಿತು ಎಂದು ಅವರು ಕೇಳಿಯಾರು ಎನಿಸಿತು. ಬಿಟ್ಟೆ. ಮೂರನೆಯದನ್ನು ತೆಗೆದುಕೊಂಡೆ. ತಪ್ಪಿ ಬಂದದ್ದಲ್ಲ ಮುನ್ನಿ. ಅರ್ಥ, ಬಳಕೆ, ತೂಕ, ಎಲ್ಲ ತಿಳಿದೇ ಆರಿಸಿದೆ.

ಇದರ ಜೊತೆಗೆ ಸರಕಾರಕ್ಕೆ ನಾನು ಬರೆದ ಅರ್ಜಿಯ ನಕಲು ಇದೆ. ಇಂಗ್ಲಿಷಿನಲ್ಲಿಯೇ ಬರೆದಿದ್ದೇನೆ. ನನಗೆ ಆ ಶಬ್ದ ತಿಳಿದಿರಲಿಲ್ಲ ಎಂದು ಬರೆದಿಲ್ಲ. ತಿಳಿದು ಸುಳ್ಳು ಹೇಳಿದೆ ಎಂದು ಬರೆದಿದ್ದೇನೆ. ಧಾರವಾಡಕ್ಕೆ ನಾನೇ ಹೋಗಿ ಕೊಡುತ್ತೇನೆ.

ಶಿವಬಸು


ತಿಳವಳ್ಳಿ
೧೯ ಆಗಸ್ಟ್ ೧೯೪೩

ಮುನ್ನಿ,

ನಿನ್ನಿಂದ ಉತ್ತರವಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ತಿಳಿಸುತ್ತೇನೆ.

ಜುಲೈದಲ್ಲಿ ಧಾರವಾಡಕ್ಕೆ ಹೋದೆ. ಮೂರು ದಿನ ಕಚೇರಿಯ ಪಡಸಾಲೆಯಲ್ಲಿ ನಿಂತೆ. ಅಲ್ಲಿ ನನಗೆ ಯಾರೂ ಕುರ್ಚಿ ಹಾಕಲಿಲ್ಲ. ಮೂರನೆಯ ದಿನ ಒಬ್ಬ ಮುದಿ ಕಾರಕೂನ ಅರ್ಜಿ ಓದಿ, ಕನ್ನಡಕ ಹಣೆಗೇರಿಸಿ, “ಅಮ್ಮಾರ, ಇದನ್ನ ಕೊಟ್ರ ನಿಮ್ಮ ಮ್ಯಾಲೇ ಖಟ್ಲೆ ಆಗತೇತ್ರಿ. ಸುಳ್ಳು ಸಾಕ್ಷಿ ಅಂದ್ರ ಸಣ್ಣ ಮಾತಲ್ಲ” ಎಂದ.

“ಆಗಲಿ” ಎಂದೆ.

“ಮನಿಯಾಗ ಹಿರೇರು ಯಾರರ ಅದಾರೇನ್ರಿ, ಕೇಳೀರೇನು?”

“ಮನಿಯಾಗ ಹಿರೇಕಿ ನಾನ ಇದ್ದೇನಿ.”

ಅವನು ಶಿಕ್ಕಾ ಒತ್ತಿ ಒಳಗೆ ಒಯ್ದ. ಹಿಂತಿರುಗಿ ಬರಲಿಲ್ಲ. ಅಂದಿನಿಂದ ನಾಲ್ಕು ಪತ್ರ ಬರೆದೆ. ವಿಚಾರದಲ್ಲಿದೆ ಎಂದು ಒಂದು ಚೀಟಿ ಬಂತು. ನನ್ನನ್ನು ಹಿಡಿಯಲು ಯಾರೂ ಬರಲಿಲ್ಲ. ಒಂದು ಶಬ್ದ ಒಳಗೆ ಹೋಗಲು ಒಂದು ಗಳಿಗೆ ಸಾಕಾಯಿತು. ಅದನ್ನು ಹೊರಗೆ ತೆಗೆಯಲು ಬಾಗಿಲೇ ಕಾಣುತ್ತಿಲ್ಲ.

ಮಂಜಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಪಾಟೀಲಕಿಗೆ ಕುತ್ತು ತಂದೆನಂತೆ. ಇರಲಿ. ಊರವರು ಎಲ್ಲ ತಿಳಿದಿದ್ದಾರೆ. ನಾನೇ ಜಗಲಿಯ ಮೇಲೆ ನಿಂತು ಹೇಳಿದೆ.

ಅಲ್ಲಾಭಕ್ಷನಿಗೆ ಬರೆಯುವಾಗ, ಸಮಾಧಾನ ಆಯಿತೋ ಇಲ್ಲವೋ ಎಂದು ಅವನು ಕೇಳಿದ್ದಕ್ಕೆ ಉತ್ತರ ತಿಳಿಸು. ತಡವಾಗಿ ಆಯಿತು ಎಂದು ಬರಿ.

ಶಿವಬಸು


ಸವಣೂರು
೧೬ ಅಕ್ಟೋಬರ್ ೧೯೪೩

ಶ್ರೀಮತಿ ಶಿವಬಸವ್ವ ಗೌಡತಿಯವರಿಗೆ,

ನನ್ನ ತಮ್ಮ ಅಲ್ಲಾಭಕ್ಷ ಇದೇ ತಿಂಗಳ ನಾಲ್ಕನೆಯ ತಾರೀಖು ಜೇಲಿನ ದವಾಖಾನೆಯಲ್ಲಿ ತೀರಿಕೊಂಡ. ಟೈಫಾಯ್ಡ್ ಜ್ವರ. ನೀವು ಇಪ್ಪತ್ತೊಂದು ದಿನದ ಜ್ವರ ಎನ್ನುವುದು ಅದನ್ನೇ.

ಕೊನೆಯ ಐದು ದಿನ ನನ್ನನ್ನು ಹತ್ತಿರ ಕೂರಲು ಬಿಟ್ಟರು. ನಿಮ್ಮ ಉತ್ತರವನ್ನು ಅವನಿಗೆ ಹೇಳಿದೆ. ಕೇಳಿಸಿತೋ ಇಲ್ಲವೋ ತಿಳಿಯದು.

ನೀರು ಕೇಳುತ್ತಿದ್ದ. ನಿಮ್ಮ ಪತ್ರ ಓದಿದವಳಾದ್ದರಿಂದ ನನಗೆ ಭಯವಾಯಿತು; ಕೊಡಬಹುದೇ ಎಂದು ಡಾಕ್ಟರರನ್ನು ಕೇಳಿದೆ. ಅವರು, “ಕೊಡಬಹುದಾ ಅಂತ ಕೇಳ್ತೀರಲ್ಲಾ, ಕೇಳಿದಷ್ಟೂ ಕೊಡ್ರಿ. ಈ ಜ್ವರಕ್ಕ ನೀರ ಕೊಡಲೇಬೇಕು. ಕೊಡಬಾರದು ಅನ್ನೋದು ಹಳೇ ಮಂದಿ ಮಾತು” ಎಂದರು. ಐದು ದಿನವೂ ನನ್ನ ಕೈಯಿಂದ ಕುಡಿಸಿದೆ. ನೀರಡಿಕೆಯಿಂದ ಹೋಗಲಿಲ್ಲ.

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಡೆದದ್ದನ್ನು ನಡೆದಂತೆ ಬರೆಯಬೇಕೆಂದು ಬರೆದಿದ್ದೇನೆ.

ಇನ್ನು ನೀವು ಪತ್ರ ಬರೆಯುವುದು ಬೇಡ.

ಮುನವ್ವರಾ


ತಿಳವಳ್ಳಿ
೯ ಜನವರಿ ೧೯೪೪

ಮುನವ್ವರಾ,

ನೀನು ಬರೆಯಬೇಡವೆಂದೆ. ಇದೊಂದು ಬರೆಯುತ್ತೇನೆ. ‘ನೀವು’ ಎಂದು ಬರೆದದ್ದನ್ನೂ ನೋಡಿದೆ. ಸರಿಯಾದ ಕಡೆ ಸರಿಯಾದ ಶಬ್ದ ಇಡುವುದನ್ನು ನೀನು ಮರೆತಿಲ್ಲ.

ಡಾಕ್ಟರರ ಮಾತನ್ನು ಬರೆದದ್ದು ಒಳ್ಳೆಯದಾಯಿತು. ಯಾರಾದರೂ ನನಗೆ ಅದನ್ನು ಹೇಳಲೇಬೇಕಾಗಿತ್ತು. ಮಾಡದಲ್ಲಿದ್ದ ತಂಬಿಗೆಯನ್ನು ಈಗ ನಾನೂ ಮಲಗಿದಲ್ಲಿಂದ ನೋಡುತ್ತೇನೆ.

ಈ ವಾರ ಮೊಹರಮ್ ಆಯಿತು. ಹಾಡುವವರು ಇರಲಿಲ್ಲ. ಬರೀ ಚರ್ಮದ ಹಲಗೆ ಬಡಿದುಕೊಂಡು ಪಂಜಾ ಬಂದವು. ಬೆಳಿಗ್ಗೆ ನಾನೇ ಬಾವಿಯಿಂದ ಹನ್ನೆರಡು ಕೊಡ ಸೇದಿ ಹಂಡೆ ತುಂಬಿದ್ದೆ. ಭರಮವ್ವ ಕೈ ಹಚ್ಚಲು ಬಂದಳು, ಬೇಡವೆಂದೆ. ತಂಬಿಗೆ ಹಿಡಿದು ಜಗಲಿಯ ಮೇಲೆ ನಿಂತೆ.

ಪಂಜಾ ಹಿಡಿದಿದ್ದ ಮುದುಕನಿಗೆ ಮೊದಲು ಚಾಚಿದೆ. ಬಿಸಿಲಿಗೆ ಅವನ ತುಟಿ ಬಿರಿದಿದ್ದವು. “ನೀರಡಿಕಿ ಇಲ್ರಿ ಅವ್ವಾರ” ಎಂದ. ಸಿಟ್ಟಿನಿಂದ ಅಲ್ಲ, ತಲೆ ತಗ್ಗಿಸಿ ಹೇಳಿದ. ಹಿಂದಿನವನೂ “ನೀರಡಿಕಿ ಇಲ್ರಿ” ಎಂದ. ಹೆಂಗಸರು, ಮಕ್ಕಳು, ನಮ್ಮ ಹೊಲದಲ್ಲಿ ದುಡಿಯುವವರು, ಒಬ್ಬೊಬ್ಬರೂ ನಿಂತು, ಮರ್ಯಾದೆಯಿಂದ ಅದನ್ನೇ ಹೇಳಿ ಮುಂದೆ ಹೋದರು. ಇಡೀ ಊರಿನಲ್ಲಿ ಅಂದು ಯಾರಿಗೂ ನೀರಡಿಕೆಯಿರಲಿಲ್ಲ. ಕೊನೆಯವನು ದಾಟುವವರೆಗೂ ನಾನು ಕೈ ಚಾಚಿಯೇ ನಿಂತಿದ್ದೆ.

ಆಮೇಲೆ ಹಂಡೆಯ ನೀರನ್ನು ಕೊಡಕ್ಕೆ ತುಂಬಿ, ಒಂದೊಂದಾಗಿ ಹೊತ್ತು, ಹೊಲದಲ್ಲಿ ಉಳವಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಒಯ್ದೆ. ಹನ್ನೆರಡು ಸಲ ಹೋಗಿ ಬಂದೆ. ಒಂದು ಹನಿ ಹರಿದು ಹೊರಗೆ ಹೋಗಲಿಲ್ಲ. ಸುರಿದದ್ದನ್ನೆಲ್ಲ ಆ ಮಣ್ಣು ಕುಡಿಯಿತು. ಹನ್ನೆರಡನೆಯ ಕೊಡ ಮುಗಿದ ಮೇಲೂ ನೆಲ ಒಣಗಿಯೇ ಇತ್ತು.

ಶಿವಬಸವ್ವ